ಪವರ್ ಮೀಟರ್ ಹೇಳದೆ ಬಿಡುವ ಅರ್ಧ ಸಂಗತಿ

ಮಾನ್ಯ ಸಂಪಾದಕರೇ,

ಸೈಕ್ಲಿಂಗ್ ಉಪಕರಣಗಳನ್ನು ಕುರಿತು ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನವನ್ನು ಓದಿದರೆ, ಪವರ್ ಮೀಟರ್ (ತುಳಿತದ ಶಕ್ತಿಯನ್ನು ವ್ಯಾಟ್ ಲೆಕ್ಕದಲ್ಲಿ ಅಳೆಯುವ ಉಪಕರಣ) ಕೊಂಡ ಕೂಡಲೇ ತರಬೇತಿ ತಾನಾಗಿಯೇ ವೈಜ್ಞಾನಿಕವಾಗಿಬಿಡುತ್ತದೆ ಎಂಬ ಭಾವನೆ ಮೂಡುತ್ತದೆ. ಹವ್ಯಾಸಿ ಸವಾರರಿಗೆ ತರಬೇತಿ ಕೊಡುವವನಾಗಿ ಈ ಬಗ್ಗೆ ಕೆಲವು ಮಾತು ಸೇರಿಸಬಯಸುತ್ತೇನೆ. ಮೀಟರ್ ತಿಳಿಸುವುದು ಸವಾರನ ಕಾಲು ಎಷ್ಟು ಕೆಲಸ ಮಾಡಿತು ಎಂಬುದನ್ನು ಮಾತ್ರ. ಆ ಕೆಲಸಕ್ಕಾಗಿ ದೇಹ ಎಷ್ಟು ದಣಿಯಿತು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ, ಮತ್ತು ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರೆಗೆ ಪರದೆಯ ಮೇಲಿನ ಅಂಕಿಯಿಂದ ತರಬೇತಿಗೆ ಹೆಚ್ಚಿನ ಪ್ರಯೋಜನವಾಗುವುದಿಲ್ಲ.

ಉಪಕರಣದ ಮಹತ್ವವನ್ನು ಕಡಿಮೆ ಮಾಡುವ ಉದ್ದೇಶ ನನ್ನದಲ್ಲ. ಪೆಡಲ್, ಕ್ರ್ಯಾಂಕ್ ಅಥವಾ ಹಿಂಚಕ್ರದ ಹಬ್‌ನೊಳಗೆ ಅಂಟಿಸಿರುವ ಸ್ಟ್ರೈನ್ ಗೇಜ್‌ಗಳು, ತುಳಿತಕ್ಕೆ ಲೋಹ ಕಣ್ಣಿಗೆ ಕಾಣದಷ್ಟು ಬಾಗುವುದನ್ನು ಅಳೆಯುತ್ತವೆ. ಹಾಗೆ ದೊರೆತ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ತಿರುಗುವ ವೇಗದಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ವೇಗವನ್ನು ನಂಬಿ ತರಬೇತಿ ನಡೆಸುವುದು ಕಷ್ಟ, ಏಕೆಂದರೆ ಎದುರುಗಾಳಿ, ಏರು, ಮುಂದಿನ ಸವಾರನ ಮರೆ ಎಲ್ಲವೂ ಅದನ್ನು ಬದಲಿಸುತ್ತವೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿಯಂತೂ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಹೃದಯ ಬಡಿತವೋ, ಶ್ರಮ ಶುರುವಾದ ಮೇಲೆ ನಿಧಾನವಾಗಿ ಮೇಲೇರುವುದರಿಂದ, ಅರ್ಧ ನಿಮಿಷದ ಬಿರುಸಿನ ತುಳಿತದ ಬಗ್ಗೆ ಏನನ್ನೂ ಹೇಳುವುದಿಲ್ಲ. ವ್ಯಾಟ್‌ಗೆ ಈ ತೊಡಕುಗಳಿಲ್ಲ.

ಆದರೆ ಬಹಳಷ್ಟು ಸವಾರರು ಮನೆಗೆ ಬಂದು ಮೊದಲು ನೋಡುವುದು ಸರಾಸರಿ ವ್ಯಾಟ್. ಅವರ ದಾರಿ ತಪ್ಪುವುದೂ ಅಲ್ಲಿಯೇ. ಒಬ್ಬ ಸವಾರ ಒಂದು ಗಂಟೆ 200 ವ್ಯಾಟ್‌ನಲ್ಲಿ ಸಮನಾಗಿ ತುಳಿದ, ಇನ್ನೊಬ್ಬ ಅರ್ಧ ಗಂಟೆ 300, ಅರ್ಧ ಗಂಟೆ 100 ವ್ಯಾಟ್‌ನಲ್ಲಿ ತುಳಿದ ಎಂದಿಟ್ಟುಕೊಳ್ಳೋಣ. ಇಬ್ಬರ ಸರಾಸರಿಯೂ 200. ಎರಡನೆಯವನ ಕಾಲುಗಳನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ನಾರ್ಮಲೈಸ್ಡ್ ಪವರ್ ಎಂಬ ಲೆಕ್ಕ ಹುಟ್ಟಿದ್ದು ಈ ಕಾರಣಕ್ಕೆ: 30 ಸೆಕೆಂಡಿನ ಚಲಿಸುವ ಸರಾಸರಿಗಳನ್ನು ನಾಲ್ಕನೆಯ ಘಾತಕ್ಕೇರಿಸಿ, ಅವುಗಳ ಸರಾಸರಿ ತೆಗೆದು, ನಾಲ್ಕನೆಯ ಮೂಲಕ್ಕೆ ಇಳಿಸಿದಾಗ ಎರಡನೆಯವನ ಅಂಕಿ ಸುಮಾರು 253 ಆಗುತ್ತದೆ. ಇದೂ ಅಂದಾಜೇ, ಆದರೆ ದಣಿವಿಗೆ ಹತ್ತಿರವಾದ ಅಂದಾಜು.

ಇನ್ನು ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ಶಕ್ತಿಯ ಅಂದಾಜು. 20 ನಿಮಿಷ ಸಾಧ್ಯವಾದಷ್ಟು ಬಿರುಸಾಗಿ ತುಳಿದು, ಬಂದ ಸರಾಸರಿಯ ಶೇ 95ರಷ್ಟನ್ನು ತನ್ನ ಮಿತಿಯೆಂದು ಬರೆದಿಟ್ಟುಕೊಳ್ಳುವ ಪದ್ಧತಿ ಎಲ್ಲೆಡೆ ಇದೆ. ಅಲ್ಪಾವಧಿಯ ಬಿರುಸಿನಲ್ಲಿ ಬಲಶಾಲಿಯಾದವನಿಗೆ ಈ ಶೇ 95 ಹೆಚ್ಚೇ ಆಗುತ್ತದೆ; ಆ ಮಿತಿಯಿಂದ ಲೆಕ್ಕಹಾಕುವ ಅವನ ತರಬೇತಿ ವಲಯಗಳೆಲ್ಲ (ಹಗುರದಿಂದ ಬಿರುಸಿನವರೆಗಿನ ವ್ಯಾಟ್ ಮಟ್ಟಗಳು) ಒಂದು ಮೆಟ್ಟಿಲು ಮೇಲೆ ನಿಂತು, ಹಗುರವಾಗಿರಬೇಕಾದ ದಿನವೂ ಹಗುರವಾಗಿರುವುದಿಲ್ಲ. ಇದಕ್ಕಿಂತ ಹೆಚ್ಚು ತಿಳಿವಳಿಕೆ ಕೊಡುವುದು, ಚೆನ್ನಾಗಿ ವಿಶ್ರಮಿಸಿ ನಡೆಸಿದ ಎರಡು ಪರೀಕ್ಷೆಗಳಿಂದ ಕ್ರಿಟಿಕಲ್ ಪವರ್ ಲೆಕ್ಕ ಹಾಕುವ ಕ್ರಮ. 3 ನಿಮಿಷ 350 ವ್ಯಾಟ್ ಎಂದರೆ 63 ಕಿಲೋಜೂಲ್ ಕೆಲಸ, 12 ನಿಮಿಷ 275 ವ್ಯಾಟ್ ಎಂದರೆ 198 ಕಿಲೋಜೂಲ್. ಹೆಚ್ಚುವರಿ 135 ಕಿಲೋಜೂಲನ್ನು ಹೆಚ್ಚುವರಿ 540 ಸೆಕೆಂಡುಗಳಿಂದ ಭಾಗಿಸಿದರೆ 250 ವ್ಯಾಟ್. ಇದು ಬಹುಕಾಲ ಹಿಡಿದಿಡಬಲ್ಲ ಮಟ್ಟದ ಅಂದಾಜು. 3 ನಿಮಿಷದ 63 ಕಿಲೋಜೂಲಿನಲ್ಲಿ ಈ ಮಟ್ಟದ ಪಾಲಾದ 45 ಕಳೆದರೆ ಉಳಿಯುವ 18 ಕಿಲೋಜೂಲ್, ಆ ಮಟ್ಟವನ್ನು ಮೀರಿ ತುಳಿಯುವಾಗ ಖರ್ಚಾಗುವ ಸಣ್ಣ ದಾಸ್ತಾನು. 250 ವ್ಯಾಟ್ ಮಿತಿಯ ಇಬ್ಬರಲ್ಲಿ ಒಬ್ಬನ ದಾಸ್ತಾನು 12, ಇನ್ನೊಬ್ಬನದು 22 ಕಿಲೋಜೂಲ್ ಇರಬಹುದು. ಅವರಿಗೆ ಒಂದೇ ವ್ಯಾಯಾಮ ಪಟ್ಟಿ ಕೊಡುವುದು ಸರಿಯಲ್ಲ ಎಂಬುದು ಎಫ್‌ಟಿಪಿ ಒಂದನ್ನೇ ನೋಡುವವರಿಗೆ ಕಾಣುವುದೇ ಇಲ್ಲ.

ಈಗ ದೇಹದ ಕಡೆಯ ಲೆಕ್ಕಕ್ಕೆ ಬರುತ್ತೇನೆ. ಒಂದೇ ದಾರಿಯಲ್ಲಿ, ಮಾತಾಡಲು ಉಸಿರು ಸಾಲುವಷ್ಟು ಹಗುರವಾಗಿ, ವ್ಯಾಟ್ ಬದಲಾಗದಂತೆ ಎರಡು ಗಂಟೆ ತುಳಿದು, ಆ ಸವಾರಿಯನ್ನು ಎರಡು ಭಾಗ ಮಾಡಿ ನೋಡಬೇಕು. ಮೊದಲರ್ಧದಲ್ಲಿ 160 ವ್ಯಾಟ್‌ಗೆ ಹೃದಯ ನಿಮಿಷಕ್ಕೆ 130 ಸಲ, ಎರಡನೆಯರ್ಧದಲ್ಲಿ ಅದೇ 160 ವ್ಯಾಟ್‌ಗೆ 140 ಸಲ ಬಡಿದಿದ್ದರೆ, ಪ್ರತಿ ಬಡಿತಕ್ಕೆ ದೊರೆತ ವ್ಯಾಟ್ ಸುಮಾರು ಶೇ 7ರಷ್ಟು ಕುಸಿದಿದೆ. ಈ ಕುಸಿತ ಶೇ 5ರೊಳಗಿದ್ದರೆ ಸಹನಶಕ್ತಿಯ ಬುನಾದಿ ಭದ್ರವಾಗಿದೆ ಎಂದು ತರಬೇತುದಾರರು ಸಾಮಾನ್ಯವಾಗಿ ಭಾವಿಸುತ್ತಾರೆ. ಸೆಕೆಯೂ ನೀರಿನ ಕೊರತೆಯೂ ಇದೇ ಬಗೆಯ ಕುಸಿತವನ್ನು ತರುತ್ತವೆಯಾದ್ದರಿಂದ ಒಂದು ದಿನದ ಅಂಕಿಗೆ ಬೆಲೆಯಿಲ್ಲ. ವಾರಗಟ್ಟಲೆ ಒಂದೇ ದಿಕ್ಕಿನಲ್ಲಿ ಸಾಗಿದರೆ ಮಾತ್ರ ನಂಬಬಹುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಅದೇ ವ್ಯಾಟ್‌ಗೆ ಹೃದಯ ಬಡಿತ ಇಳಿದರೆ ಸಾಮಾನ್ಯವಾಗಿ ಅದು ಒಳ್ಳೆಯ ಸುದ್ದಿ, ಆದರೆ ಯಾವಾಗಲೂ ಅಲ್ಲ. ಕಠಿಣ ತರಬೇತಿಯ ವಾರಗಳ ಕೊನೆಯಲ್ಲಿ, ದಣಿವು ಆಳಕ್ಕಿಳಿದಾಗ, ಎಷ್ಟು ತುಳಿದರೂ ಬಡಿತ ಮೇಲೇರದಿರುವುದುಂಟು. ಮೀಟರ್ ಮತ್ತು ಹೃದಯ ಬಡಿತ ಅಳೆಯುವ ಎದೆಪಟ್ಟಿ ಸೇರಿ ಅದನ್ನು ಪ್ರಗತಿ ಎಂದೇ ತೋರಿಸುತ್ತವೆ. ಹಾಗಲ್ಲ ಎಂದು ಹೇಳಬಲ್ಲವನು ಸವಾರ ಮಾತ್ರ: ಕಾಲು ಭಾರವಾಗಿತ್ತೇ, ನಿದ್ದೆ ಸರಿಯಾಗಿತ್ತೇ, ನಿನ್ನೆ ಸಲೀಸಾಗಿದ್ದ 200 ವ್ಯಾಟ್ ಇಂದು ಏಕೆ ಹೊರೆಯೆನಿಸಿತು? ಆದ್ದರಿಂದಲೇ ಪ್ರತಿ ಸವಾರಿಯ ನಂತರ, ಗ್ರಾಫ್ ತೆರೆಯುವ ಮೊದಲು, ಶ್ರಮವನ್ನು 1ರಿಂದ 10ರೊಳಗಿನ ಒಂದು ಅಂಕಿಯಾಗಿ ಬರೆದಿಡುವಂತೆ ನನ್ನ ಬಳಿ ಬರುವವರಿಗೆ ಹೇಳುತ್ತೇನೆ. ಗ್ರಾಫ್ ನೋಡಿದ ಮೇಲೆ ಬರೆದರೆ ಅದು ಗ್ರಾಫ್‌ನ ನಕಲಾಗಿರುತ್ತದೆ.

ಉಪಕರಣದ ಮಿತಿಗಳನ್ನೂ ಲೇಖನ ಪ್ರಸ್ತಾಪಿಸಬೇಕಿತ್ತು. ತಯಾರಕರು ಹೇಳಿಕೊಳ್ಳುವ ನಿಖರತೆ ಸಾಮಾನ್ಯವಾಗಿ ಶೇ 1ರಿಂದ 2ರಷ್ಟು ಆಚೀಚೆ. 250 ವ್ಯಾಟ್‌ನಲ್ಲಿ ಶೇ 2 ಎಂದರೆ 5 ವ್ಯಾಟ್; ಹೀಗಿರುವಾಗ 3 ವ್ಯಾಟ್ ಏರಿಕೆಗೆ ಸಂಭ್ರಮಪಡುವುದರಲ್ಲಿ ಅರ್ಥವಿಲ್ಲ. ಸವಾರಿಗೆ ಮುನ್ನ ಝೀರೋ ಆಫ್‌ಸೆಟ್ (ತುಳಿತದ ಬಲವಿಲ್ಲದಾಗ ಮೀಟರನ್ನು ಸೊನ್ನೆಗೆ ಹೊಂದಿಸುವುದು) ಮಾಡದಿದ್ದರೆ, ಅಥವಾ ತಾಪಮಾನ ಬಹಳ ಬದಲಾದರೆ, ವ್ಯತ್ಯಾಸ ಇನ್ನೂ ಹೆಚ್ಚಬಹುದು. ಎಡಗಾಲಿನ ಬಲವನ್ನಷ್ಟೇ ಅಳೆದು ಅದನ್ನು ಇಮ್ಮಡಿಗೊಳಿಸುವ ಅಗ್ಗದ ಮೀಟರ್‌ಗಳಲ್ಲಿ, ದಣಿದಾಗ ಸವಾರ ಬಲಗಾಲಿನ ಮೇಲೆ ಹೆಚ್ಚು ಭಾರ ಹಾಕಿದರೆ, ಇಲ್ಲದ ಕುಸಿತವೂ ಕಾಣಿಸುತ್ತದೆ. ಕ್ರ್ಯಾಂಕ್‌ನಲ್ಲಿ ಅಳೆದದ್ದಕ್ಕಿಂತ ಹಬ್‌ನಲ್ಲಿ ಅಳೆದದ್ದು, ಸರಪಳಿ ಮತ್ತು ಗೇರ್‌ಗಳಲ್ಲಿ ನಷ್ಟವಾಗುವಷ್ಟು ಕಡಿಮೆಯಿರುತ್ತದೆ. ಹೀಗಾಗಿ ಗೆಳೆಯನ ವ್ಯಾಟ್‌ನೊಡನೆ ತನ್ನದನ್ನು ಹೋಲಿಸುವುದಕ್ಕಿಂತ ತನ್ನದೇ ಮೀಟರ್‌ನ ಹಳೆಯ ದಾಖಲೆಯೊಡನೆ ಹೋಲಿಸುವುದು ಮೇಲು.

ನಿಮ್ಮ ಲೇಖನದ ಜೊತೆಗಿದ್ದ ಕೋಷ್ಟಕದಲ್ಲಿ ದೇಹತೂಕದ ಪ್ರತಿ ಕಿಲೋಗೆ ಇಷ್ಟು ವ್ಯಾಟ್ ಇದ್ದರೆ ಇಂಥ ದರ್ಜೆಯ ಸವಾರ ಎಂದಿತ್ತು. ಅದನ್ನು ಓದಿದ ಹೊಸಬರು ಊಟ ಬಿಟ್ಟು ತೂಕ ಇಳಿಸಲು ಹೊರಟಾರೆಂಬ ಆತಂಕ ನನಗಿದೆ, ಏಕೆಂದರೆ ಆ ಭಾಗಾಕಾರದಲ್ಲಿ ಕೆಳಗಿನ ಅಂಕಿ ಇಳಿಸುವುದೇ ಸುಲಭವೆಂದು ತೋರುತ್ತದೆ. ತಿನ್ನದ ದೇಹದಲ್ಲಿ ಮೇಲಿನ ಅಂಕಿಯೂ ಬೇಗನೆ ಇಳಿಯುತ್ತದೆ. ಮುಂದೆ ಈ ವಿಷಯದ ಬಗ್ಗೆ ಬರೆಸುವಾಗ ಆ ಕೋಷ್ಟಕವನ್ನು ಕೈಬಿಟ್ಟು, ಒಬ್ಬ ಸಾಮಾನ್ಯ ಸವಾರನ ಮೂರು ತಿಂಗಳ ವ್ಯಾಟ್, ಹೃದಯ ಬಡಿತ ಮತ್ತು ಶ್ರಮದ ಅಂಕಿಗಳನ್ನು ಒಂದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಹವ್ಯಾಸಿ ಸವಾರರ ತರಬೇತುದಾರ