ಆಪರೇಷನ್ ಥಿಯೇಟರಿನ ಹೊಗೆಗೂ ಟೆಂಡರಿನಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆಯ ಕುರಿತು ನಿಮ್ಮ ಪತ್ರಿಕೆಯಲ್ಲಿ ವರ್ಷಗಳಿಂದ ವರದಿಗಳು ಬರುತ್ತಿವೆ. ಸ್ವಲ್ಪ ಗಂಭೀರವಾದರೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾದ ಬಾಂಬೋಳಿಗೆ ಓಡಬೇಕಾದ ನಮ್ಮ ಜನರಿಗೆ ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಆಸ್ಪತ್ರೆ ಎಂದೊಡನೆ ಹಾಸಿಗೆ, ಎಂ.ಆರ್.ಐ., ತಜ್ಞ ವೈದ್ಯರ ಸಂಖ್ಯೆಗಳಷ್ಟೇ ಚರ್ಚೆಯಾಗುತ್ತವೆ, ಆಪರೇಷನ್ ಥಿಯೇಟರಿನ (ಓ.ಟಿ.) ಒಳಗೆ ದಿನವಿಡೀ ನಿಲ್ಲುವವರು ಎಂಥ ಗಾಳಿ ಉಸಿರಾಡುತ್ತಾರೆ ಎಂಬುದನ್ನು ಯಾರೂ ಕೇಳುವುದಿಲ್ಲ. ಓ.ಟಿ. ಸಿಸ್ಟರ್ ಆಗಿ ದುಡಿದು ನಿವೃತ್ತಳಾದ ನಾನು ಅದನ್ನೇ ಇಲ್ಲಿ ಪ್ರಸ್ತಾಪಿಸಬಯಸುತ್ತೇನೆ.

ಇಂದಿನ ಹೆಚ್ಚಿನ ಶಸ್ತ್ರಚಿಕಿತ್ಸೆಗಳಲ್ಲಿ ರಕ್ತ ನಿಲ್ಲಿಸುವ, ಒಳಪದರ ಕತ್ತರಿಸುವ ಕೆಲಸ ನಡೆಯುವುದು ಕಾಟರಿಯಿಂದ, ಅಂದರೆ ವಿದ್ಯುತ್ತಿನ ಶಾಖದಿಂದ ಅಂಗಾಂಶ ಸುಡುವ ಉಪಕರಣದಿಂದ. ವಿಲಿಯಂ ಬೋವಿ ರೂಪಿಸಿದ ಯಂತ್ರವನ್ನು ಮಿದುಳಿನ ಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ 1926ರಲ್ಲಿ ಬಾಸ್ಟನ್ನಿನಲ್ಲಿ ಬಳಸಿದಂದಿನಿಂದ ಈ ವಿಧಾನ ಎಷ್ಟೋ ಜೀವ ಉಳಿಸಿದೆ, ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಸರ್ಜನ್ ಕೈಯಲ್ಲಿ ಹಿಡಿಯುವ ಕಾಟರಿಯ ಕಡ್ಡಿಯ, ಅಂದರೆ ‘ಪೆನ್ಸಿಲಿನ’, ತುದಿ ತಾಗಿದೊಡನೆ ಜೀವಕೋಶದೊಳಗಿನ ನೀರು ಕುದಿದು ಕೋಶ ಒಡೆಯುತ್ತದೆ, ಒಳಗಿದ್ದದ್ದು ಹೊಗೆಯಾಗಿ ಮೇಲೇಳುತ್ತದೆ. ಸಿಸೇರಿಯನ್ ವೇಳೆ ಹೊಟ್ಟೆಯ ಕೊಬ್ಬಿನ ಪದರಕ್ಕೆ ಕಾಟರಿ ಮುಟ್ಟಿಸಿದಾಗ ಚುಯ್ಯೆಂದು ಏಳುವ ಹೊಗೆ, ಬಾಗಿ ನಿಂತ ಸರ್ಜನ್ ಮತ್ತು ಎದುರು ನಿಂತು ಉಪಕರಣ ಕೊಡುವ ಸ್ಕ್ರಬ್ ನರ್ಸ್ ಮುಖಕ್ಕೇ ಬಡಿಯುತ್ತದೆ. ಸುಟ್ಟ ಕೂದಲಿನಂಥ ಆ ವಾಸನೆ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುವವರೆಗೂ ಬಿಡುವುದಿಲ್ಲ.

ಈ ಹೊಗೆಯಲ್ಲಿ ಸುಮಾರು ಶೇ 95ರಷ್ಟು ನೀರಾವಿ. ಉಪದ್ರವವಿರುವುದು ಉಳಿದ ಶೇ 5ರಲ್ಲಿ: ಬೆಂಜೀನ್, ಟಾಲ್ಯೂನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್ ಮತ್ತು ಅಂಗಾಂಶದ ಅತಿಸೂಕ್ಷ್ಮ ಕಣಗಳು. ಕಾಟರಿಯ ಕಣಗಳ ಸರಾಸರಿ ಗಾತ್ರ 0.07 ಮೈಕ್ರಾನ್ ಎನ್ನುತ್ತಾರೆ, ಲೇಸರಿನವು 0.3ರ ಆಸುಪಾಸಿನವು. ನಾವು ಕಟ್ಟುವ ಸರ್ಜಿಕಲ್ ಮಾಸ್ಕ್ ನಮ್ಮ ಬಾಯಿಯ ಹನಿ ರೋಗಿಯ ಗಾಯಕ್ಕೆ ಬೀಳದಿರಲೆಂದು ಇರುವುದೇ ಹೊರತು ಇಂಥ ಕಣ ತಡೆಯಲೆಂದಲ್ಲ. ಲೇಸರಿನಿಂದ ನರುಲಿ ಸುಡುವಾಗಿನ ಹೊಗೆಯಲ್ಲಿ ನರುಲಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್ಸಿನ ಡಿಎನ್‌ಎ ಸಿಕ್ಕಿದ್ದು 1988ರಲ್ಲೇ ವರದಿಯಾಗಿದೆ. ಒಂದು ಗ್ರಾಂ ಅಂಗಾಂಶ ಸುಟ್ಟರೆ ಆರು ಸಿಗರೇಟು ಸೇದಿದಂತೆ ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಅದು ಪ್ರಯೋಗಾಲಯದ ಲೆಕ್ಕ, ಓ.ಟಿ.ಗೆ ಹಾಗೆಯೇ ಅನ್ವಯಿಸಿ ಹೆದರಿಸುವುದು ಸರಿಯಲ್ಲ. ಹೊಗೆಯಿಂದಲೇ ಸಿಬ್ಬಂದಿಗೆ ಕ್ಯಾನ್ಸರ್ ಬಂತೆಂಬುದೂ ನಿಸ್ಸಂಶಯವಾಗಿ ಸಾಬೀತಾಗಿಲ್ಲ. ಆದರೆ ಕಣ್ಣುರಿ, ತಲೆನೋವು, ಗಂಟಲು ಕೆರೆತಗಳಿಗೆ ಸಾಕ್ಷಿ ಹುಡುಕಬೇಕಿಲ್ಲ, ಯಾವುದೇ ಓ.ಟಿ. ಸಿಬ್ಬಂದಿಯನ್ನು ಕೇಳಿದರೆ ಸಾಕು. ಕೆಲವು ಹೊತ್ತಷ್ಟೇ ಮೇಜಿನ ಮೇಲಿರುವ ರೋಗಿಗಿಂತ ಇಪ್ಪತ್ತು ಮೂವತ್ತು ವರ್ಷ ಅಲ್ಲೇ ನಿಲ್ಲುವವರ ಚಿಂತೆ ಇದು.

ಪರಿಹಾರ ಹೊಸದೇನಲ್ಲ. ಹೊಗೆ ಏಳುವ ಜಾಗದಿಂದ ಎರಡು ಇಂಚಿನೊಳಗೆ ಹೀರುಕೊಳವೆ ಹಿಡಿದು ಫಿಲ್ಟರ್ ಮೂಲಕ ಎಳೆದು ತೆಗೆಯಬೇಕೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1996ರಲ್ಲೇ ಸಲಹೆ ಮಾಡಿತ್ತು. ಅಲ್ಲಿನ ರೋಡ್ ಐಲ್ಯಾಂಡ್ ರಾಜ್ಯ 2018ರಲ್ಲಿ ಇದಕ್ಕೆ ಕಾನೂನನ್ನೇ ತಂದಿತು. ನಮ್ಮಲ್ಲಿ ಬಹಳ ಕಡೆ ಸಹಾಯಕರೊಬ್ಬರು ರಕ್ತ ಹೀರುವ ಗೋಡೆಯ ಸಕ್ಷನ್ ತುದಿಯನ್ನೇ ಪೆನ್ಸಿಲಿನ ಪಕ್ಕ ಹಿಡಿದು ಸುಧಾರಿಸುತ್ತಾರೆ. ಅದು ದ್ರವ ಎಳೆಯಲು ಮಾಡಿದ್ದು, ಅದರ ಗಾಳಿಯ ಸೆಳೆತ ತೀರಾ ಕಡಿಮೆ. ಸಣ್ಣ ಊರಿನ ಥಿಯೇಟರುಗಳಲ್ಲಿ ಸ್ಪ್ಲಿಟ್ ಎ.ಸಿ. ಮಾತ್ರ ಇದ್ದರಂತೂ ಅದೇ ಗಾಳಿ ತಣ್ಣಗಾಗಿ ಮತ್ತೆ ಮತ್ತೆ ಸುತ್ತುತ್ತದೆ, ಹೊರಗಿನ ಹೊಸ ಗಾಳಿ ಒಳಬರುವುದಿಲ್ಲ.

ಆದ್ದರಿಂದ ಕಾರವಾರ, ಶಿರಸಿ ಮತ್ತು ತಾಲ್ಲೂಕು ಆಸ್ಪತ್ರೆಗಳಿಗೆ ಮುಂದೆ ಕಾಟರಿ ಖರೀದಿಸುವಾಗ ಅದರ ಜೊತೆಗೇ ಹೀಗೆ ಹೊಗೆ ಹೀರಿ ಸೋಸುವ ಯಂತ್ರವಾದ ಸ್ಮೋಕ್ ಇವ್ಯಾಕ್ಯುಯೇಟರನ್ನೂ ಟೆಂಡರಿನಲ್ಲಿ ಸೇರಿಸಬೇಕು. ಫಿಲ್ಟರ್, ಕೊಳವೆಗಳನ್ನು ಕೈಗವಸು, ಹೊಲಿಗೆ ದಾರಗಳಂತೆ ಮರುಕಳಿಸುವ ವೆಚ್ಚವಾಗಿ ಬಜೆಟ್ಟಿನಲ್ಲಿ ತೋರಿಸದಿದ್ದರೆ ಯಂತ್ರ ಒಂದೇ ವರ್ಷದಲ್ಲಿ ಮೂಲೆ ಸೇರುವುದು ಖಚಿತ. ಅಲ್ಲಿಯವರೆಗೆ ಕನಿಷ್ಠ ಲೇಸರ್ ಮತ್ತು ದೀರ್ಘ ಕಾಟರಿ ಬಳಕೆಯ ಶಸ್ತ್ರಚಿಕಿತ್ಸೆಗಳಿಗೆ ಎನ್ 95 ಮಾಸ್ಕ್ ಒದಗಿಸಲಿ. ಇಂಥ ಯಂತ್ರಗಳು ಸದ್ದು ಮಾಡುತ್ತವೆ, ಸದ್ದಿಗೆ ಬೇಸತ್ತು ಸರ್ಜನ್ನರು ಆಫ್ ಮಾಡಿಸುವುದೂ ಉಂಟು. ಹಾಗಾಗಿ ಖರೀದಿಗೆ ಮೊದಲು ಡೆಮೊ ನೋಡುವ ಸಮಿತಿಯಲ್ಲಿ ಅಧಿಕಾರಿಗಳ ಜೊತೆ ಒಬ್ಬರಾದರೂ ಓ.ಟಿ. ನರ್ಸ್ ಹಾಗೂ ಟೆಕ್ನೀಷಿಯನ್ ಇರುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ.

— ನಿವೃತ್ತ ಶುಶ್ರೂಷಕಿ, ಕುಮಟಾ