ದೆವ್ವದ ಕಥೆಗೆ ಗುಡುಗು ಸಿಡಿಲು ಬೇಡ, ಒಳ್ಳೆಯ ದನಿ ಸಾಕು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹೊಸ ಪುಸ್ತಕಗಳ ಪರಿಚಯ ತಪ್ಪದೆ ಬರುತ್ತದೆ. ಸಿನಿಮಾಕ್ಕೆ ಒಂದು ಪುಟ ಇದೆ, ಈಗೀಗ ವೆಬ್ ಸೀರೀಸ್‌ಗೂ ಜಾಗ ಸಿಕ್ಕಿದೆ. ಆಡಿಯೊ ಪುಸ್ತಕಗಳ ಬಗ್ಗೆ ಮಾತ್ರ ಒಂದು ಸಾಲೂ ಕಾಣುವುದಿಲ್ಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ತೋಟದಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಥೆ ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಪರವಾಗಿ ಯಾರಾದರೂ ಬರೆಯಬೇಕು ಅಂತ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಜಾಗ ಸಾಲದಿದ್ದರೆ ಕೊನೆಯ ಭಾಗವನ್ನಾದರೂ ದಯವಿಟ್ಟು ಉಳಿಸಿ.

ನಾನು ಜಾಸ್ತಿ ಕೇಳುವುದು ಫ್ಯಾಂಟಸಿ, ಸೈನ್ಸ್ ಫಿಕ್ಷನ್, ಹಾರರ್ ಈ ಮೂರನ್ನೇ. ಕನ್ನಡದಲ್ಲಿ ಸಿಕ್ಕಿದ್ದನ್ನು ಬಿಡುವುದಿಲ್ಲ, ಸಿಗದಿದ್ದಾಗ ಇಂಗ್ಲಿಷಿಗೆ ಹೋಗುತ್ತೇನೆ. ಈ ಬಗೆಯ ಕಥೆಗಳಲ್ಲಿ ದನಿ ಕೊಟ್ಟು ಓದುವವರ ಹೊಣೆ ಬೇರೆ ಕಥೆಗಳಿಗಿಂತ ದೊಡ್ಡದು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಡೆಯುವ ಕಥೆಯಾದರೆ ಓದುವವರು ಅಲ್ಲಲ್ಲಿ ಎಡವಿದರೂ ನಡೆಯುತ್ತದೆ, ಯಾಕಂದ್ರೆ ಆ ಗಲಾಟೆ, ಆ ವಾಸನೆ ನಮಗೆ ಮೊದಲೇ ಗೊತ್ತು. ಬೇರೆ ಗ್ರಹದಲ್ಲೋ, ಯಾವ ನಕ್ಷೆಯಲ್ಲೂ ಇಲ್ಲದ ರಾಜ್ಯದಲ್ಲೋ, ಸತ್ತವರು ಎದ್ದು ಬರುವ ಮನೆಯಲ್ಲೋ ಕಥೆ ನಡೆಯುವಾಗ ನಮಗೆ ಆ ಒಂದು ದನಿ ಬಿಟ್ಟು ಬೇರೆ ಆಸರೆ ಇರುವುದಿಲ್ಲ. ಆ ದನಿಯ ಮೇಲೆ ನಂಬಿಕೆ ಹೋದರೆ ಕಥೆಯೂ ಹೋಯಿತು.

ನನ್ನ ದೊಡ್ಡ ತಕರಾರು ಇರುವುದು ಹಾರರ್ ಬಗ್ಗೆ, ಅದರಲ್ಲೂ ಕನ್ನಡದ ಹಾರರ್ ಬಗ್ಗೆ. ಯಾವುದಾದರೂ ಆ್ಯಪ್ ತೆರೆದು ಒಂದು ದೆವ್ವದ ಕಥೆ ಹಾಕಿ ನೋಡಿ. ಮೊದಲು ಗುಡುಗು. ಆಮೇಲೆ ನಾಯಿ ಊಳಿಡುವುದು, ಗೆಜ್ಜೆ ಸದ್ದು, ಬಾಗಿಲು ಕಿರ್ ಅನ್ನುವುದು. ಇಷ್ಟೆಲ್ಲ ಆದ ಮೇಲೆ ಕಥೆ ಶುರು. ಓದುವವರು ಮೊದಲ ವಾಕ್ಯದಿಂದಲೇ ಪಿಸುಗುಟ್ಟುತ್ತಾರೆ. ಹುಡುಗ ಊರಿಗೆ ಹೊರಟ, ಬಸ್ ತಡವಾಯಿತು, ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ, ಇದೆಲ್ಲವೂ ಪಿಸುಮಾತಿನಲ್ಲೇ! ಬಸ್ ಟಿಕೆಟ್ ತೆಗೆದುಕೊಳ್ಳುವುದನ್ನೂ ಪಿಸುಗುಟ್ಟಿ ಹೇಳಿಬಿಟ್ಟರೆ ನಿಜವಾದ ದೆವ್ವ ಬಂದಾಗ ದನಿಯನ್ನು ಇನ್ನೆಲ್ಲಿಗೆ ಇಳಿಸುತ್ತಾರೆ? ಅದಕ್ಕೇ ಅಲ್ಲಿ ಕಿರುಚಾಟ ಶುರುವಾಗುತ್ತದೆ, ಸಂಗೀತದ ಸದ್ದು ಜಾಸ್ತಿ ಮಾಡುತ್ತಾರೆ, ಕೊನೆಗೆ ಮಾತೇ ಕೇಳಿಸುವುದಿಲ್ಲ. ಕೇಳುವವರು ಬೆಚ್ಚುತ್ತಾರೆ, ನಿಜ. ಅದು ಸದ್ದಿಗೆ ಬೆಚ್ಚುವುದು. ಪಕ್ಕದಲ್ಲಿ ತಟ್ಟೆ ಬಿದ್ದರೂ ಅಷ್ಟೇ ಬೆಚ್ಚುತ್ತೇವೆ. ಕಥೆ ಮುಗಿದ ಮೇಲೆ ಹಿತ್ತಲಿಗೆ ಹೋಗಲು ಕಾಲು ಬಾರದಂಥ ಹೆದರಿಕೆ ಇರುತ್ತದಲ್ಲ, ಅದು ಬರುವುದು ಮಾಮೂಲಿ ಸಂಗತಿಗಳನ್ನು ಮಾಮೂಲಿಯಾಗಿಯೇ ಹೇಳುತ್ತಾ ಹೋಗಿ, ನಡುವೆ ಒಂದೇ ಒಂದು ಸಂಗತಿ ಸರಿಯಿಲ್ಲ ಅಂತ ನಮಗೆ ತಾನಾಗಿಯೇ ಹೊಳೆದಾಗ.

ಇಂಗ್ಲೆಂಡಿನಲ್ಲಿ ಎಂ. ಆರ್. ಜೇಮ್ಸ್ ಅಂತ ಒಬ್ಬರಿದ್ದರು, ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನ ಮುಖ್ಯಸ್ಥರೂ ಆಗಿದ್ದ ವಿದ್ವಾಂಸರು. ಪ್ರತಿ ಕ್ರಿಸ್‌ಮಸ್ ಹೊತ್ತಿಗೆ ಒಂದೊಂದು ದೆವ್ವದ ಕಥೆ ಬರೆದು ತಮ್ಮ ಕೋಣೆಯಲ್ಲಿ ಗೆಳೆಯರಿಗೆ ಮೇಣದಬತ್ತಿಯ ಬೆಳಕಲ್ಲಿ ಓದಿ ಹೇಳುತ್ತಿದ್ದರು. ಅವರ ಎಷ್ಟೋ ಕಥೆಗಳು ಹುಟ್ಟಿದ್ದೇ ಹೀಗೆ, ಗಟ್ಟಿಯಾಗಿ ಓದುವುದಕ್ಕೆ. ಅವುಗಳ ಅರ್ಧ ಭಾಗ ಹಳೆಯ ಚರ್ಚು, ಹಳೆಯ ಪುಸ್ತಕ, ಹೋಟೆಲ್ ಕೋಣೆ ಇಂಥ ಸಪ್ಪೆ ವಿವರಗಳೇ. ಓದುವವರು ಅವನ್ನು ಸಪ್ಪೆಯಾಗಿಯೇ ಓದಬೇಕು. ಅವಸರ ಮಾಡಿದರೆ ಕೆಡುತ್ತದೆ, ನಾಟಕ ಮಾಡಿದರೂ ಕೆಡುತ್ತದೆ.

ಇದನ್ನು ಕಲಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ ಅನ್ನಿ. ನಮ್ಮ ಶಿರಸಿ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಎಲ್ಲರೂ ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ದೆವ್ವದ ಕಥೆಗಳೇ ಜಾಸ್ತಿ. ಹೇಳುವವರ ಕೈ ನಿಲ್ಲುತ್ತಿರಲಿಲ್ಲ, ದನಿ ಏರುತ್ತಿರಲಿಲ್ಲ. ಅಡಿಕೆ ರೇಟು ಹೇಳುವ ದನಿಯಲ್ಲೇ, ಹಳ್ಳದ ಆಚೆ ಲಾಟೀನು ಹಿಡಿದು ನಿಂತವನು ಮೂರು ವರ್ಷದ ಹಿಂದೆ ಸತ್ತವನು ಅಂತ ಹೇಳಿ ಮುಂದಿನ ಅಡಿಕೆ ಎತ್ತಿಕೊಳ್ಳುತ್ತಿದ್ದರು. ಆಮೇಲೆ ಸ್ವಲ್ಪ ಹೊತ್ತು ಸಿಪ್ಪೆ ಬೀಳುವ ಸದ್ದು ಮಾತ್ರ. ಮಕ್ಕಳೆಲ್ಲ ಹತ್ತಿರ ಹತ್ತಿರ ಸರಿದು ಕೂರುತ್ತಿದ್ದೆವು. ಅಂಥ ಹೇಳುವಿಕೆ ನಮ್ಮ ಸ್ಟುಡಿಯೊಗಳಿಗೆ ಯಾಕೆ ಬರಲಿಲ್ಲ ಅಂತ ಬೇಸರ ಆಗುತ್ತದೆ.

ಸಂಗೀತವೇ ಬೇಡ ಅಂತ ನಾನು ಹೇಳುತ್ತಿಲ್ಲ. ತಾಳಮದ್ದಳೆ ನೋಡಿದವರಿಗೆ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಲ್ಯದಲ್ಲಿ ಕೂತ ಅರ್ಥಧಾರಿ ಬರೀ ಮಾತಿನಲ್ಲಿ ರಾವಣನಾಗಿಬಿಡುತ್ತಾರೆ. ಭಾಗವತರು ಪದ ಹಾಡುವಾಗ ಮದ್ದಳೆ, ಚೆಂಡೆ ಎಲ್ಲ ಇರುತ್ತದೆ. ಅರ್ಥ, ಅಂದ್ರೆ ಮಾತು, ಶುರುವಾದ ಕೂಡಲೇ ಅವು ಸುಮ್ಮನಾಗುತ್ತವೆ. ಹಾಡಿಗೆ ಅದರ ಜಾಗ, ಮಾತಿಗೆ ಅದರ ಜಾಗ. ಆಡಿಯೊ ಪುಸ್ತಕ ಮಾಡುವವರು ಇಷ್ಟನ್ನು ಪಾಲಿಸಿದರೂ ಸಾಕು: ಅಧ್ಯಾಯದ ಮೊದಲು ಕೊನೆಗೆ ಏನು ಬೇಕಾದರೂ ನುಡಿಸಲಿ, ಮಾತಿನ ಕೆಳಗೆ ಮಾತ್ರ ಬೇಡ.

ಸದ್ದು ನಿಜವಾಗಿ ಬೇಕಾಗುವ ಕಡೆಯೂ ಉಂಟು. 'ಪ್ರಾಜೆಕ್ಟ್ ಹೇಲ್ ಮೇರಿ' ಅನ್ನುವ ಸೈನ್ಸ್ ಫಿಕ್ಷನ್ ಕಾದಂಬರಿಯನ್ನು ರೇ ಪೋರ್ಟರ್ ಓದಿದ್ದಾರೆ. 2021ರಲ್ಲಿ ಬಂತು, ಸುಮಾರು 16 ಗಂಟೆ. ಅಮೆರಿಕದಲ್ಲಿ ಆಡಿಯೊ ಪುಸ್ತಕಗಳಿಗೆ ಕೊಡುವ ಆಡಿ ಪ್ರಶಸ್ತಿಗಳಲ್ಲಿ 2022ರ ವರ್ಷದ ಪುಸ್ತಕ ಅದೇ. ಅದರಲ್ಲಿ ಬೇರೆ ಲೋಕದ ಒಂದು ಜೀವಿ ಬರುತ್ತದೆ. ಅದರ ಭಾಷೆ ನಮ್ಮ ಹಾಗೆ ಮಾತಲ್ಲ, ಸಂಗೀತದ ಸ್ವರಗಳು. ಅಚ್ಚಿನ ಪುಸ್ತಕದಲ್ಲಿ ಆ ಜಾಗದಲ್ಲಿ ಸ್ವರದ ಗುರುತುಗಳನ್ನು ಹಾಕಿದ್ದಾರೆ, ಕಣ್ಣು ಅವುಗಳ ಮೇಲೆ ಹಾದುಹೋಗುತ್ತದೆ ಅಷ್ಟೇ. ಆಡಿಯೊದಲ್ಲಿ ಆ ಸ್ವರಗಳು ಕೇಳಿಸುತ್ತವೆ. ಮನುಷ್ಯ ಆ ಭಾಷೆಯನ್ನು ಸ್ವಲ್ಪ ಸ್ವಲ್ಪವೇ ಕಲಿಯುವಾಗ ನಮ್ಮ ಕಿವಿಯೂ ಜೊತೆಗೇ ಪಳಗುತ್ತದೆ. ಇಲ್ಲಿ ಸದ್ದೇ ಕಥೆ, ಅದನ್ನು ತೆಗೆದರೆ ಕಥೆಗೆ ನಷ್ಟ. ಗುಡುಗನ್ನು ತೆಗೆದರೆ ದೆವ್ವದ ಕಥೆಗೆ ಏನು ನಷ್ಟ ಹೇಳಿ?

ಪೋರ್ಟರ್ ಅವರ ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ಆ ಕಥೆಯ ತುಂಬಾ ಲೆಕ್ಕ, ಪ್ರಯೋಗ, ಅಂಕಿಗಳು. ಪಾಠ ಓದಿದ ಹಾಗೆ ಓದಿದರೆ ಹತ್ತು ನಿಮಿಷಕ್ಕೆ ನಿದ್ದೆ ಬರುತ್ತದೆ. ಅವರು ಓದುವಾಗ ಒಬ್ಬ ಮನುಷ್ಯ ಅಲ್ಲೇ ಕೂತು ಯೋಚಿಸುತ್ತಿದ್ದಾನೆ ಅನ್ನಿಸುತ್ತದೆ, ಉತ್ತರ ಹೊಳೆದಾಗ ಅವನಿಗಾಗುವ ಖುಷಿ ದನಿಯಲ್ಲೇ ಗೊತ್ತಾಗುತ್ತದೆ. ಕನ್ನಡದಲ್ಲಿ ವಿಜ್ಞಾನದ ಕಥೆ ಓದುವವರು ಆಕ್ಸಿಜನ್, ಗ್ರಾವಿಟಿ, ಜ್ಯೋತಿರ್ವರ್ಷ ಇಂಥ ಪದ ಬಂದ ಕೂಡಲೇ ವಾರ್ತೆ ಓದುವ ದನಿಗೆ ಜಾರುತ್ತಾರೆ. ಆ ಪದಗಳು ಪಾತ್ರದ ದಿನನಿತ್ಯದ ಮಾತು ಅನ್ನುವುದು ಮರೆತೇ ಹೋಗುತ್ತದೆ.

ಫ್ಯಾಂಟಸಿಯ ಕಷ್ಟ ಬೇರೆ. ಅಲ್ಲಿ ಪಾತ್ರಗಳು ನೂರಾರು, ಹೆಸರುಗಳು ವಿಚಿತ್ರ, ಪುಸ್ತಕ ಮುಗಿಯುವುದೇ ಇಲ್ಲ. ರಾಯ್ ಡಾಟ್ರಿಸ್ ಅನ್ನುವ ಬ್ರಿಟಿಷ್ ನಟ ಒಂದು ಸರಣಿಯ ಮೊದಲ ಪುಸ್ತಕವಾದ 'ಎ ಗೇಮ್ ಆಫ್ ಥ್ರೋನ್ಸ್' ಒಂದರಲ್ಲೇ 224 ಪಾತ್ರಗಳಿಗೆ ದನಿ ಕೊಟ್ಟು ಗಿನ್ನೆಸ್ ದಾಖಲೆ ಮಾಡಿದರು. ಕೇಳಿದರೆ ಬೆರಗಾಗುತ್ತದೆ. ಆದರೆ ಸರಣಿಯ ನಾಲ್ಕನೆಯ ಪುಸ್ತಕವನ್ನು ಮೊದಲು ಬೇರೆಯವರು ಓದಿದರು. ಐದನೆಯದಕ್ಕೆ, 2011ರಲ್ಲಿ, ಡಾಟ್ರಿಸ್ ವಾಪಸ್ ಬಂದಾಗ ಕೆಲವು ಮುಖ್ಯ ಪಾತ್ರಗಳ ದನಿಯೇ ಬದಲಾಗಿತ್ತು, ಹೆಸರು ಹೇಳುವ ರೀತಿಯೂ ಬದಲಾಗಿತ್ತು. ಗಂಟೆಗಟ್ಟಲೆ ಜೊತೆಗಿದ್ದ ಹುಡುಗಿ ಇದ್ದಕ್ಕಿದ್ದ ಹಾಗೆ ಮುದುಕಿಯ ದನಿಯಲ್ಲಿ ಮಾತಾಡಿದರೆ ಕೇಳುವವರಿಗೆ ಹೇಗಾಗಬೇಡ? ಅದಕ್ಕೇ ನನಗೆ ದನಿಗಳ ಎಣಿಕೆ ಮುಖ್ಯವಲ್ಲ. ಐದೇ ದನಿ ಇರಲಿ, ಕೊನೆಯವರೆಗೂ ಅದೇ ಇರಲಿ.

'ದ ಲಾರ್ಡ್ ಆಫ್ ದ ರಿಂಗ್ಸ್' ಅನ್ನುವ ಫ್ಯಾಂಟಸಿ ಕಾದಂಬರಿಯನ್ನು ಇಬ್ಬರು ಓದಿದ್ದು ಪ್ರಸಿದ್ಧ. ರಾಬ್ ಇಂಗ್ಲಿಸ್ 1990ರಲ್ಲಿ, ಆ್ಯಂಡಿ ಸರ್ಕಿಸ್ 2021ರಲ್ಲಿ. ಸರ್ಕಿಸ್ ಅಂದ್ರೆ ಅದೇ ಕಥೆಯ ಸಿನಿಮಾದಲ್ಲಿ ಗಾಲಮ್ ಅನ್ನುವ ಪಾತ್ರ ಆಗಿದ್ದವರು. ಗಾಲಮ್ ಬಂದಾಗಲೆಲ್ಲ ಅವರನ್ನು ಮೀರಿಸುವವರು ಇಲ್ಲ, ಒಪ್ಪುತ್ತೇನೆ. ಆದರೂ ಪೂರ್ತಿ ಪುಸ್ತಕಕ್ಕೆ ನನ್ನ ಆಯ್ಕೆ ಇಂಗ್ಲಿಸ್. ಅವರು ಪಾತ್ರಕ್ಕಿಂತ ಒಂದು ಹೆಜ್ಜೆ ಹಿಂದೆ ನಿಂತು ಕಥೆ ಹೇಳುತ್ತಾರೆ. ಪುಸ್ತಕದಲ್ಲಿರುವ ಹಾಡುಗಳನ್ನು ಹಾಡಿಯೇ ಬಿಡುತ್ತಾರೆ, ಅಚ್ಚಿನಲ್ಲಿ ಓದುವಾಗ ಆ ಹಾಡುಗಳನ್ನು ಹಾರಿಸಿಕೊಂಡು ಹೋಗುವವರೇ ಜಾಸ್ತಿ ಅಲ್ವಾ? ಗಮಕ ಕೇಳಿ ಬೆಳೆದ ನಾಡಿನವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಕುಮಾರವ್ಯಾಸನನ್ನು ಪುಸ್ತಕ ಹಿಡಿದು ಓದಿದವರಿಗಿಂತ ಗಮಕಿಗಳ ಬಾಯಲ್ಲಿ ಕೇಳಿದವರೇ ಹೆಚ್ಚು. ಅದರಲ್ಲಿ ಇರುವುದೂ ಮಾಯೆ, ಅಸ್ತ್ರ, ಶಾಪ, ರಾಕ್ಷಸರೇ ತಾನೇ.

ಆದ್ದರಿಂದ 'ಕೇಳುವುದು ಓದಿದ ಹಾಗಲ್ಲ' ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ ಮಾತಾಡುವ ಪುಸ್ತಕಗಳ ಸೇವೆ 1935ರಲ್ಲಿ ಶುರುವಾಗಿದ್ದೇ ಅಂಧರಿಗಾಗಿ, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರೂ ಅವರಲ್ಲಿದ್ದರು. ಗ್ರಾಮಾಫೋನ್ ತಟ್ಟೆಗಳನ್ನು ತಿರುವಿ ತಿರುವಿ ಹಾಕಿಕೊಂಡು ಇಡೀ ಕಾದಂಬರಿ ಕೇಳಿದವರು ಅವರು. ಅವರು ಓದಲಿಲ್ಲ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆಮೇಲೆ ಕ್ಯಾಸೆಟ್ ಕಾಲ ಬಂತು. ಒಂದು ಕ್ಯಾಸೆಟ್ಟಿಗೆ ಅರವತ್ತೋ ತೊಂಬತ್ತೋ ನಿಮಿಷ, ಹಾಗಾಗಿ ದೊಡ್ಡ ಪುಸ್ತಕಗಳಿಗೆ ಕತ್ತರಿ ಬೀಳುತ್ತಿತ್ತು. ಈಗ ಫೋನಿನಲ್ಲಿ ಆ ತೊಂದರೆ ಇಲ್ಲ, ಅದಕ್ಕೇ 50 ಗಂಟೆಯ ಫ್ಯಾಂಟಸಿಯನ್ನೂ ಜನ ಪೂರ್ತಿ ಕೇಳುತ್ತಾರೆ. ಕನ್ನಡದಲ್ಲಿ ಮಾತ್ರ ಹತ್ತು ಹತ್ತು ನಿಮಿಷದ ತುಂಡು ಮಾಡಿ, ಪ್ರತಿ ತುಂಡಿನ ಮೊದಲು ಹಿಂದಿನ ಕಥೆ, ಕೊನೆಗೆ 'ಮುಂದೇನಾಯ್ತು?' ಅನ್ನುವ ಸಂಪ್ರದಾಯ ಬೆಳೆಯುತ್ತಿದೆ. ನನಗಂತೂ ಇದು ಒಗ್ಗುವುದಿಲ್ಲ. ಹೆದರಿಕೆ ಹಬ್ಬಲು ಸಮಯ ಬೇಕು.

ಯಂತ್ರದ ದನಿಯ ಬಗ್ಗೆಯೂ ಹೇಳಲೇಬೇಕು. 2023ರಿಂದ ದೊಡ್ಡ ಕಂಪನಿಗಳೇ ಕಂಪ್ಯೂಟರ್ ದನಿಯಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ಮಾರುತ್ತಿವೆ. ಕನ್ನಡದಲ್ಲೂ ಅಂಥ ದನಿ ಅಲ್ಲಲ್ಲಿ ಕಿವಿಗೆ ಬೀಳುತ್ತದೆ. ಉಚ್ಚಾರ ದಿನೇ ದಿನೇ ಸುಧಾರಿಸಬಹುದು. ಆದರೆ ಕಥೆಯಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ, ಅದು ಓದುಗರಿಗೆ ಇನ್ನೂ ಗೊತ್ತಾಗಬಾರದು, ಆದರೂ ಆ ಸಾಲಿನಲ್ಲಿ ಒಂದು ಸಣ್ಣ ಅಳುಕು ಕೇಳಬೇಕು. ಇಡೀ ಪುಸ್ತಕವನ್ನು ಮೊದಲೇ ಓದಿ ಮನಸ್ಸಿನಲ್ಲಿ ಇಟ್ಟುಕೊಂಡ ಮನುಷ್ಯರು ಇದನ್ನು ಮಾಡುತ್ತಾರೆ. ಯಂತ್ರದಿಂದ ನಾನು ಇದುವರೆಗೆ ಅದನ್ನು ಕೇಳಿಲ್ಲ. ಮಾರುವುದಾದರೆ ಮಾರಲಿ, ಯಂತ್ರದ ದನಿ ಅಂತ ಮುಖಪುಟದ ಮೇಲೆ ಸ್ಪಷ್ಟವಾಗಿ ಬರೆಯಲಿ.

ನಮ್ಮಲ್ಲಿ ಓದಿಸಲು ಪುಸ್ತಕಗಳಿಗೆ ಬರ ಇಲ್ಲ. ರಾಜಶೇಖರ ಭೂಸನೂರಮಠರು ಎಷ್ಟೋ ಹಿಂದೆಯೇ ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಬರೆದರು. ಭೈರಪ್ಪನವರ ಬಾಹ್ಯಾಕಾಶ ಪಯಣದ ಕಾದಂಬರಿ 'ಯಾನ' 2014ರಲ್ಲಿ ಬಂತು. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಮೇಲೆ ನಮ್ಮ ಕಾನೂನಿನಲ್ಲಿ ಕಾಪಿರೈಟ್ ಮುಗಿಯುತ್ತದೆ. ಹಾಗಾಗಿ 1962ರಲ್ಲಿ ತೀರಿಕೊಂಡ ದೇವುಡು ಅವರ 'ಮಹಾಬ್ರಾಹ್ಮಣ'ದಂಥ ಕಾದಂಬರಿಯನ್ನು, ಅಂದ್ರೆ ವಿಶ್ವಾಮಿತ್ರನ ಕಥೆಯನ್ನು, ಈಗ ಯಾರು ಬೇಕಾದರೂ ಓದಿ ಧ್ವನಿಮುದ್ರಿಸಬಹುದು. 2005ರಿಂದ ಲಿಬ್ರಿವಾಕ್ಸ್ ಅನ್ನುವ ಗುಂಪು ಇದನ್ನೇ ಮಾಡುತ್ತಿದೆ. ಹಕ್ಕು ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದುತ್ತಾರೆ, ಎಲ್ಲರಿಗೂ ಉಚಿತ. ನಮ್ಮ ಹವ್ಯಾಸಿ ನಾಟಕ ತಂಡಗಳಲ್ಲಿ, ಆಕಾಶವಾಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರಲ್ಲಿ, ಅರ್ಥಧಾರಿಗಳಲ್ಲಿ ಎಂಥೆಂಥ ದನಿಗಳಿವೆ! ಒಂದು ಶಾಂತವಾದ ಕೋಣೆ, ಒಂದು ಮೈಕು, ತಾಳ್ಮೆ ಇದ್ದರೆ ಶುರು ಮಾಡಬಹುದು.

ಇನ್ನು ನಿಮ್ಮಲ್ಲಿ ನನ್ನ ಕೋರಿಕೆ. ಭಾನುವಾರದ ಪುರವಣಿಯಲ್ಲಿ ಆಡಿಯೊ ಪುಸ್ತಕಕ್ಕೆ ಒಂದು ಕಾಲಂ ಕೊಡಿ, ವಾರವಾರ ಆಗದಿದ್ದರೆ ತಿಂಗಳಿಗೊಮ್ಮೆ. ಲೇಖಕರ ಹೆಸರಿನ ಪಕ್ಕದಲ್ಲೇ ಓದಿದವರ ಹೆಸರು ಹಾಕಿ, ಅದೇ ಅಕ್ಷರದ ಗಾತ್ರದಲ್ಲಿ. ಎಷ್ಟು ಗಂಟೆ, ಪೂರ್ತಿ ಪುಸ್ತಕವೋ ಸಂಕ್ಷಿಪ್ತವೋ, ಮಾತಿನ ಕೆಳಗೆ ಸಂಗೀತ ಇದೆಯೋ ಇಲ್ಲವೋ ತಿಳಿಸಿ. ವಿಮರ್ಶೆ ಬರೆಯುವವರು ಪುಸ್ತಕವನ್ನು ಪೂರ್ತಿ ಕೇಳಿಯೇ ಬರೆಯಲಿ, ಮಾಮೂಲಿ ವೇಗದಲ್ಲಿ. ಚೆನ್ನಾಗಿ ಓದಿದವರನ್ನು ಹೆಸರು ಹಿಡಿದು ಹೊಗಳಿ, ಅವರು ಮುಂದೆ ಓದಿದ್ದನ್ನೆಲ್ಲ ನಮ್ಮಂಥವರು ಹುಡುಕಿಕೊಂಡು ಹೋಗಿ ದುಡ್ಡು ಕೊಟ್ಟು ಕೇಳುತ್ತೇವೆ.

ಇತಿ,
ಒಬ್ಬ ಕೇಳುಗ, ಶಿರಸಿ