ಒಂದು ಮೊಳ ಹೂವಿನ ವಿಷಯ

ಶಿರಸಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ‘ಬರೆಯೋಣ ಅಂತ ಕೂತರೆ ಏನೂ ಹೊಳೆಯೋದಿಲ್ಲ. ಮನೆ, ಮೆಟ್ರೋ, ಆಫೀಸು. ಇದರಲ್ಲಿ ಬರೆಯೋಕೆ ಏನಿದೆ?’ ಅಂದಿದ್ದೀಯ. ಫೋನಿನಲ್ಲಿ ಸಮಾಧಾನ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಈ ಕಾಗದ.

ಮೊನ್ನೆ ಬೆಳಿಗ್ಗೆ ಸಿದ್ದಾಪುರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. 2023ರ ಜೂನ್ 11ಕ್ಕೆ ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದಾಗಿನಿಂದ ಈ ಟಿಕೆಟ್ ನಮಗೆಲ್ಲ ದಿನನಿತ್ಯದ್ದು. ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ತುಂಬಿಕೊಡುವುದು ಇದರ ಲೆಕ್ಕದ ಮೇಲೆ, ಹಾಗಾಗಿ ಕೊಡಲೇಬೇಕು. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆ-ಅಡಿಕೆ ಇಡುವ ಕವಳದ ಸಂಚಿಯೊಳಗೆ ಇಟ್ಟುಕೊಂಡರು. ಆಮೇಲೆ ಕೈಚೀಲಕ್ಕೆ ಕೈಹಾಕಿ ಎರಡು ಬಾಳೆಹಣ್ಣು ತೆಗೆದು ಕಂಡಕ್ಟರ್‌ಗೆ ಕೊಟ್ಟರು. ‘ಸುಮ್ನೆ ಹತ್ತಿದಾಂಗೆ ಆಗ್ತು ತಮಾ, ತಗ.’

ಅವನು ಒಂದನ್ನು ಅಲ್ಲೇ ಸುಲಿದು ತಿಂದ. ಇನ್ನೊಂದನ್ನು ಡ್ರೈವರ್‌ಗೆ ಕೊಟ್ಟು ಬಂದ.

ನನ್ನ ಟಿಕೆಟ್ಟಿನ ಬೆನ್ನಿಗೇ ಬರೆದುಕೊಂಡೆ. ನಾಲ್ಕು ಮಡಿಕೆ, ಕವಳದ ಸಂಚಿ, ಎರಡು ಬಾಳೆಹಣ್ಣು, ಮತ್ತೆ ಆ ಮಾತು, ಅವರ ಬಾಯಲ್ಲಿ ಬಂದ ಹಾಗೇ. ‘ಸ್ವಾಭಿಮಾನಿ ಅಜ್ಜಿ’ ಅಂತ ಬರೆದಿಟ್ಟಿದ್ದರೆ ವಾರ ಕಳೆಯುವಷ್ಟರಲ್ಲಿ ಸ್ವಾಭಿಮಾನ ಉಳಿದು ಅಜ್ಜಿ ಕಾಣೆಯಾಗುತ್ತಿದ್ದರು.

ಇದನ್ನು ನಾನು ಕಳೆದುಕೊಂಡೇ ಕಲಿತದ್ದು. ಹನ್ನೆರಡು ವರ್ಷದ ಹಿಂದೆ, ಅಜ್ಜನಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ. ಮೆಟ್ಟುಗತ್ತಿಯ ಮುಂದೆ ಕೂತಿದ್ದ ಹೆಂಗಸೊಬ್ಬರು ತವರಿನ ದಾರಿಯ ಬಗ್ಗೆ ಒಂದು ಮಾತು ಹೇಳಿದರು. ಸುತ್ತ ಸುಲಿಯುತ್ತಿದ್ದವರ ಕೈಯೆಲ್ಲ ಒಮ್ಮೆಗೇ ನಿಂತವು. ಇದನ್ನು ಮರೆಯುವುದುಂಟೇ ಅಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದಾಗ ಅರ್ಥ ನೆನಪಿತ್ತು, ಮಾತು ಹೋಗಿತ್ತು. ಆ ಕತೆ ಇವತ್ತಿಗೂ ಬರೆಯಲಾಗಿಲ್ಲ ನನಗೆ. ಎಷ್ಟೋ ಸಲ ಕೂತಿದ್ದೇನೆ. ನಾನು ಕಟ್ಟಿದ ಯಾವ ಮಾತಿಗೂ ಆ ಕೈಗಳು ನಿಲ್ಲುವುದಿಲ್ಲ.

ನಮ್ಮಮ್ಮ ಒಂದು ಸಾಲು ಕತೆ ಬರೆದವಳಲ್ಲ. ಆದರೆ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಚೀಟಿ ಕಟ್ಟಿದ್ದು, ಎಲ್ಲ ಬರೆಯುತ್ತಾಳೆ. ಹೋದ ದೀಪಾವಳಿಗೆ ಅಟ್ಟ ಗುಡಿಸುವಾಗ ಹಳೆಯದೊಂದು ಕ್ಯಾಲೆಂಡರ್ ಸಿಕ್ಕಿತು, ಅಕ್ಕನ ಮದುವೆಯಾದ ವರ್ಷದ್ದು. ಮದುವೆಯ ದಿನದ ಚೌಕ ಖಾಲಿ. ಅಕ್ಕನನ್ನು ಕಳಿಸಿಕೊಟ್ಟ ಮಾರನೆಯ ದಿನದ ಚೌಕದಲ್ಲಿ ಪೆನ್ಸಿಲ್ಲಿನಲ್ಲಿ ಇಷ್ಟೇ ಇದೆ: ‘ಇಂದಿನಿಂದ ಹಾಲು ಅರ್ಧ ಲೀಟರ್ ಕಡಿಮೆ.’

ಅಟ್ಟದ ಮೇಲೇ ಕೂತುಬಿಟ್ಟೆ ಕಣೋ. ಅಮ್ಮ ಕೆಳಗಿನಿಂದ ಕರೆದರೂ ಉತ್ತರ ಕೊಡಲಾಗಲಿಲ್ಲ.

ಈಗ ನಿನ್ನ ವಿಷಯ. ಹೋದ ತಿಂಗಳು ಫೋನಿನಲ್ಲಿ ಮಾತಾಡುವಾಗ ನೀನೇ ಹೇಳಿದ್ದೆ, ನೆನಪಿದೆಯಾ? ನಿಮ್ಮ ಮೆಟ್ರೋ ನಿಲ್ದಾಣದ ಮೆಟ್ಟಿಲ ಹತ್ತಿರ ಹೂ ಮಾರುವ ಹೆಂಗಸಿನ ಜೊತೆ ಯಾರೋ ಎತ್ತರದ ಗಿರಾಕಿ ಜಗಳ ತೆಗೆದದ್ದು. ‘ನಿಮ್ಮ ಕೈ ಗಿಡ್ಡ, ನನ್ನ ಕೈಯಲ್ಲಿ ಅಳೆದುಕೊಡಿ’ ಅಂತ ಆತ. ‘ಹೂ ಕಟ್ಟಿದ್ದೂ ಇದೇ ಗಿಡ್ಡ ಕೈಯಣ್ಣಾ’ ಅಂತ ಆಕೆ. ನೀನು ನಕ್ಕು, ಮಾತು ಬದಲಿಸಿ ಆಫೀಸಿನ ಸುದ್ದಿಗೆ ಹೋದೆ. ನಾನು ಮಾತ್ರ ಆ ಮೆಟ್ಟಿಲ ಹತ್ತಿರವೇ ಉಳಿದೆ. ಬರೆದುಕೊಳ್ಳಲೂ ಇಲ್ಲ, ಅದು ನಿನ್ನದು.

ಆಮೇಲೆ ಏನಾಯಿತು? ಆತ ಹೂ ತಗೊಂಡನಾ? ದಾರದ ಬದಲು ಬಾಳೆನಾರಿನಲ್ಲಿ ಕಟ್ಟುತ್ತಾಳಾ? ಮೊಳ ಅಳೆಯುವಾಗ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಹಿಡಿಯುತ್ತಾಳೋ, ಇಲ್ಲ ತುದಿಯಲ್ಲಿ ಒಂದೆರಡು ಮೊಗ್ಗು ಜಾಸ್ತಿ ಬಿಟ್ಟು ಕತ್ತರಿಸುತ್ತಾಳೋ? ನಾಳೆ ಐದು ನಿಮಿಷ ಬೇಗ ಹೊರಡು. ನೋಡಿ ಬರೆ, ಕಾಯುತ್ತಿರುತ್ತೇನೆ.

ನಿನ್ನ
ಶಿರಸಿಯ ಗೆಳೆಯ